ಇಪ್ಸ್‌ವಿಚ್, 1689: ಹೆಂಡತಿ ಒಬ್ಬಳೋ ಇಬ್ಬರೋ? ತವರು ಮನೆತನ ಸಿಗುತ್ತಿಲ್ಲ

ವಂಶವೃಕ್ಷ_ಆಸಕ್ತ:
ಮ್ಯಾಸಚೂಸೆಟ್ಸ್‌ನ ಇಪ್ಸ್‌ವಿಚ್‌ನ ಒಬ್ಬ ರೈತನ ಹೆಂಡತಿ ಮೇರಿಯ ತವರು ಮನೆತನ ಬೇಕಾಗಿದೆ. ಮದುವೆ ದಾಖಲೆ 1689ರ ಏಪ್ರಿಲ್ 12ರದು. ಪುಟದ ಅಂಚು ಹರಿದು ಹೆಣ್ಣಿನ ಮನೆತನದ ಹೆಸರು ಹೋಗಿದೆ. ಮೊದಲ ಮಗುವಿನ ಜನನ 1689ರ ಫೆಬ್ರವರಿ 20, ಅಂದರೆ ಮದುವೆಗೂ ಮೊದಲು. ಗಂಡನ 1715ರ ಉಯಿಲಿನಲ್ಲಿ 'ಮೈ ನೌ ವೈಫ್ ಮೇರಿ' (ನನ್ನ ಈಗಿನ ಹೆಂಡತಿ ಮೇರಿ) ಎಂದಿದೆ. ಆದ್ದರಿಂದ ಮೇರಿಯನ್ನು ಎರಡನೇ ಹೆಂಡತಿ ಎಂದು ಹಾಕಿದ್ದೇನೆ. ಮೊದಲನೆಯವಳ ಸುಳಿವೇ ಇಲ್ಲ. ಡಿಎನ್‌ಎ ಪರೀಕ್ಷೆಯಿಂದ ಏನಾದರೂ ತಿಳಿದೀತೇ?

ಹಳೆಕಾಗದ:
ಇಬ್ಬರು ಹೆಂಡತಿಯರು ಎನ್ನಲು ಇದರಲ್ಲಿ ಆಧಾರವಿಲ್ಲ. ಇಂಗ್ಲಿಷ್ ವಸಾಹತುಗಳಲ್ಲಿ 1752ರವರೆಗೆ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಅವರ 1689ರ ಫೆಬ್ರವರಿ ಎಂದರೆ ನಮ್ಮ 1690ರ ಫೆಬ್ರವರಿ. ಮಗು ಹುಟ್ಟಿದ್ದು ಮದುವೆಯಾದ ಹತ್ತು ತಿಂಗಳಿಗೆ. ವೃಕ್ಷದಲ್ಲಿ 1689/90 ಎಂದೇ ಬರೆಯಿರಿ. ತಿಂಗಳನ್ನು ಅಂಕಿಯಲ್ಲಿ ಬರೆದಿದ್ದರೆ 1 ಮಾರ್ಚ್, 12 ಫೆಬ್ರವರಿ. ಈ ದಾಖಲೆಗಳ ಅಚ್ಚಾದ ಪುಸ್ತಕದಲ್ಲಿ ಸಂಪಾದಕರು ಇಸವಿ ತಿದ್ದಿರಬಹುದು, ಮೂಲ ಪುಟದ ಚಿತ್ರವನ್ನೇ ನೋಡಿ.

'ನೌ ವೈಫ್' ಕೂಡ ಮೋಸ ಮಾಡುವ ಮಾತು. ಮುಂದೆ ತಾನು ಮತ್ತೆ ಮದುವೆಯಾದರೂ ಆಸ್ತಿ ಈಗಿನ ಹೆಂಡತಿಗೇ ಸೇರಲಿ ಎಂಬ ಕಾನೂನಿನ ಎಚ್ಚರ ಅಷ್ಟೇ. ಹಿಂದೆ ಇನ್ನೊಬ್ಬಳಿದ್ದಳು ಎಂದು ಅದರಿಂದ ಹೇಳಲಾಗದು.

ಡಿಎನ್‌ಎ ಆಮೇಲಿನ ಮಾತು. ಮೈಟೊಕಾಂಡ್ರಿಯಾ ಡಿಎನ್‌ಎ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ; ಅದರ ಪರೀಕ್ಷೆಗೆ ಮೇರಿಯಿಂದ ಮಗಳು, ಮಗಳ ಮಗಳು ಹೀಗೆ ಎಲ್ಲೂ ಕಡಿಯದ ಸಾಲು ಬೇಕು. ಹೊಂದಿದರೂ ಯಾವ ತಲೆಮಾರಿನ ನಂಟು ಎಂದು ಅದು ಹೇಳದು.

ಮೊದಲು ಕ್ರಯಪತ್ರ ಹುಡುಕಿ, ಗಂಡನ ಹೆಸರಿನಲ್ಲಿ, ಮಾರಿದವರ ಸೂಚಿಯಲ್ಲಿ. ಹೆಂಡತಿಯ ಹೆಸರು ಎಲ್ಲಿ ಬರುತ್ತದೆ ಎನ್ನುವುದೇ ಮುಖ್ಯ. ಕೊನೆಯಲ್ಲಿ ಡವರ್ ಹಕ್ಕು (ಗಂಡ ಸತ್ತರೆ ಅವನ ಜಮೀನಿನಲ್ಲಿ ವಿಧವೆಗೆ ಸಿಗುವ ಪಾಲು) ಬಿಟ್ಟುಕೊಡಲು ಮಾತ್ರ ಬಂದಿದ್ದರೆ ಅದು ಗಂಡನ ಜಮೀನು, ನಮಗೆ ಪ್ರಯೋಜನವಿಲ್ಲ. ಮೊದಲ ಸಾಲಿನಲ್ಲೇ ಗಂಡನ ಜೊತೆ ಮಾರುವವಳಾಗಿದ್ದರೆ ತವರಿನ ಪಾಲು ಎನ್ನಲು ಬಲವಾದ ಸುಳಿವು.

ವಂಶವೃಕ್ಷ_ಆಸಕ್ತ:
ಸಿಕ್ಕಿತು! 1708ರದು, ಇಬ್ಬರೂ ಮೊದಲ ಸಾಲಿನಲ್ಲೇ ಇದ್ದಾರೆ. ಆದರೆ ಮಾರಿದ್ದು ಒಂದು ಹುಲ್ಲುಗಾವಲಿನ ಹದಿನೈದರಲ್ಲಿ ಒಂದು ಪಾಲು. ಇಷ್ಟು ಸಣ್ಣ ಪಾಲು ಹೇಗೆ?

ಪಾಲುಪಟ್ಟಿ:
ಆ ಅಂಕಿಯೇ ನಿಮ್ಮ ಕೀಲಿಕೈ. ಉಯಿಲಿಲ್ಲದೆ ಸತ್ತವನ ಆಸ್ತಿಯಲ್ಲಿ ಮ್ಯಾಸಚೂಸೆಟ್ಸ್ ಕಾನೂನು ಹಿರಿಮಗನಿಗೆ ಎರಡು ಪಾಲು, ಉಳಿದ ಮಕ್ಕಳಿಗೆ, ಹೆಣ್ಣುಮಕ್ಕಳೂ ಸೇರಿ, ಒಂದೊಂದು ಪಾಲು ಕೊಡುತ್ತಿತ್ತು. ನಾಲ್ಕು ಮಕ್ಕಳಿದ್ದರೆ ಐದು ಪಾಲು. ಜಮೀನಿನ ಮೂರನೇ ಒಂದು ಭಾಗ ವಿಧವೆಗೆ ಜೀವವಿರುವ ತನಕ. ಅವಳು ತೀರಿಕೊಂಡ ಮೇಲೆ ಅದೂ ಹೀಗೇ ಹಂಚಿಕೆ. ಮೂರನೇ ಒಂದರಲ್ಲಿ ಐದನೇ ಒಂದು ಎಂದರೆ ಹದಿನೈದನೇ ಒಂದು. ಹಾಗಾದರೆ ಮೇರಿ ನಾಲ್ವರು ಮಕ್ಕಳಲ್ಲಿ ಒಬ್ಬಳು, ತಾಯಿ 1708ಕ್ಕೆ ಮುಂಚೆ ತೀರಿಕೊಂಡಿರಬೇಕು; ತಂದೆ ಅದಕ್ಕೂ ಹಲವು ವರ್ಷ ಮೊದಲೇ ಸತ್ತಿರಬಹುದು. ಹದಿನಾಲ್ಕು ಮಕ್ಕಳಿದ್ದರೂ ಇದೇ ಲೆಕ್ಕ ಬರುತ್ತದೆ, ಆದರೆ ಅಷ್ಟೂ ಮಂದಿ ಬದುಕುಳಿದಿದ್ದು ಅಪರೂಪ.

ಈಗ ಸೂಚಿ ಬದಲಿಸಿ. ಆ ಕ್ರಯಪತ್ರದಲ್ಲಿ ಕೊಂಡವನ ಹೆಸರಿದೆಯಲ್ಲ, ಅವನನ್ನು ಕೊಂಡವರ ಸೂಚಿಯಲ್ಲಿ ಹಿಂದೆಮುಂದೆ ಇಪ್ಪತ್ತು ವರ್ಷ ನೋಡಿ. ಚೂರುಪಾರು ಪಾಲುಗಳನ್ನು ಸಾಮಾನ್ಯವಾಗಿ ಒಬ್ಬನೇ ಒಟ್ಟುಗೂಡಿಸುತ್ತಾನೆ. ಅದೇ ಹುಲ್ಲುಗಾವಲಿನ ಹದಿನೈದರಲ್ಲಿ ಎರಡು ಪಾಲು ಮಾರಿದವನು ಸಿಕ್ಕರೆ ಅವನು ಹಿರಿಯಣ್ಣ. ಅವನ ಮನೆತನದ ಹೆಸರೇ ಮೇರಿಯ ತವರಿನದು. ಖಚಿತಪಡಿಸಲು ಆ ಹೆಸರಿನ ಪ್ರೊಬೇಟ್ ಕಡತ, ಅಂದರೆ ಸತ್ತವರ ಆಸ್ತಿ ಹಂಚಿಕೆಯ ನ್ಯಾಯಾಲಯದ ಕಡತ, ತೆಗೆಯಿರಿ; ಇಪ್ಸ್‌ವಿಚ್ ಇರುವುದು ಎಸೆಕ್ಸ್ ಕೌಂಟಿಯಲ್ಲಿ. ನಕಲು ಪುಸ್ತಕವಷ್ಟೇ ಸಾಲದು, ಬಿಡಿ ಕಾಗದಗಳೂ ಬೇಕು: ಅಳಿಯಂದಿರು ಪಾಲು ಪಡೆದು ಸಹಿ ಹಾಕಿದ ರಸೀದಿಗಳು ಉಳಿದಿದ್ದರೆ ಅಲ್ಲೇ.