ಪಫ್ ಪ್ಯಾನೆಲ್ ರೆಡಿಮೇಡ್ ಮನೆ: ಕಟ್ಟಿಸಿದವರು ಯಾರಾದರೂ ಇದ್ದೀರಾ?

ಹದಡಿ ಹುಡುಗ: ದಾವಣಗೆರೆ ಹತ್ತಿರ 30×40 ಸೈಟ್ ಇದೆ, ಎರೆ ಮಣ್ಣು. ಅಪ್ಪ ಅಮ್ಮನಿಗೆ ಆರು ಚದರ (600 ಚದರಡಿ) ಸಾಕು. ಎಂಟು ಲಕ್ಷದಲ್ಲಿ ಪಫ್ ಪ್ಯಾನೆಲ್ ಮನೆ, ಅಂದರೆ ಎರಡು ತಗಡಿನ ನಡುವೆ ಫೋಮ್ ತುಂಬಿದ ಹಲಗೆಗಳನ್ನು ಜೋಡಿಸಿ ನಿಲ್ಲಿಸುವ ಮನೆ, ಆಗುತ್ತಾ? ಅನುಭವ ಇರುವವರು ಹೇಳಿ.

ಶಾಮನೂರಿನವ: ನಾನು 2022ರಲ್ಲಿ ಏಳು ಚದರ ಹಾಕಿಸಿದೆ. ಕೊಟೇಶನ್‌ನಲ್ಲಿ ಚದರಡಿಗೆ 1,250, ಅಂದರೆ 8,75,000. ಖುಷಿಯಲ್ಲಿ ಅಡ್ವಾನ್ಸ್ ಕೊಟ್ಟೆ. ಪಾಯ ಅದರಲ್ಲಿ ಸೇರಿಲ್ಲ ಅಂತ ಎರಡನೇ ಪುಟದ ಬುಡದಲ್ಲಿತ್ತು. ಎರೆ ಮಣ್ಣು ತೆಗೆಸಿ, ಗರಸು ತುಂಬಿಸಿ, ಪ್ಲಿಂತ್ ಬೀಮ್ (ಪಾಯದ ಮೇಲಿನ ಕಾಂಕ್ರೀಟ್ ತೊಲೆ) ಹಾಕಿಸುವಷ್ಟರಲ್ಲಿ 2,10,000. ಶೇ. 18 ಜಿಎಸ್‌ಟಿ 1,57,500. ಬೆಂಗಳೂರಿನಿಂದ ಎರಡು ಲಾರಿ 62,000. ಕ್ರೇನ್ ಒಂದು ದಿನಕ್ಕೆ 9,000. ಓಣಿಯಲ್ಲಿ ಕರೆಂಟ್ ತಂತಿ ಅಡ್ಡ ಬಂತು, ಲೈನ್ ಆಫ್ ಮಾಡಿಸುವಷ್ಟರಲ್ಲಿ ಮಧ್ಯಾಹ್ನ ಆಯ್ತು, ಕ್ರೇನಿನವನು ಎರಡು ದಿನದ ಬಾಡಿಗೆ ಎಣಿಸಿಕೊಂಡ. ಸಂಪು, ಸೆಪ್ಟಿಕ್ ಟ್ಯಾಂಕ್, ವೈರಿಂಗ್ 2,35,000. ಒಟ್ಟು 15,57,500. ಚೀಟಿಗಳೆಲ್ಲ ಬೀರುವಿನಲ್ಲಿವೆ. ಆದರೆ ಹನ್ನೊಂದು ದಿನಕ್ಕೆ ಮನೆ ನಿಂತಿತು, ಅದು ಸುಳ್ಳಲ್ಲ.

ದುರ್ಗದ ಗಾಳಿ: ನಿಮ್ಮಲ್ಲಿ ಲೆಕ್ಕ ಮಾತ್ರ ಹೆಚ್ಚಾಯ್ತು ಸರ್. ನಮ್ಮ ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದಲ್ಲಿ ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಾರಾ? ಆಷಾಢ ಬಂತೆಂದರೆ ಮೂಲೆಯ ತಗಡಿನ ಪಟ್ಟಿ ರಾತ್ರಿಯೆಲ್ಲ ಪಟಪಟ. ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ಬಿಸಿಲಿಗೆ ಬಿರಿದು ನೀರು ಇಳಿಯಿತು. ನಾಲ್ಕು ಸಲ ಸಿಲಿಕಾನ್ ಹಚ್ಚಿಸಿದೆ. ಅಮ್ಮ ದೇವರ ಫೋಟೋಗೆ ಮೊಳೆ ಹೊಡೆದಳು, ತೂತಿನಿಂದ ಹಳದಿ ಪುಡಿ ಸುರಿಯಿತು, ಸಂಜೆಗೆ ಫೋಟೋ ನೆಲದ ಮೇಲೆ. ಗೋಡೆಗೆ ಏನು ತೂಗುಹಾಕಬೇಕು ಅಂತ ಮೊದಲೇ ಬರೆದುಕೊಡಿ, ಒಳಗೆ ಬಾಕ್ಸ್ ಪೈಪ್ ಇಡಿಸಿಕೊಳ್ಳಬೇಕು.

ಗಾರೆ ಮನೆತನ: ಬೇಸಿಗೆಯಲ್ಲಿ ದಾವಣಗೆರೆಯಲ್ಲಿ ತಗಡಿನ ಡಬ್ಬದೊಳಗೆ ವಯಸ್ಸಾದವರನ್ನು ಕೂರಿಸ್ತೀರಾ? ಇಟ್ಟಿಗೆ ಮನೆ ಕಟ್ಟಿಸ್ರೀ. ನಮ್ಮಪ್ಪ ಕಟ್ಟಿದ ಮನೆಗಳು 40 ವರ್ಷದಿಂದ ನಿಂತಿವೆ.

ಶಾಮನೂರಿನವ: ಡಬ್ಬ ಅನ್ನಬೇಡಿ. ಎರಡು ತಗಡಿನ ನಡುವೆ 50 ಮಿ.ಮೀ. ಫೋಮ್ ಇದೆ. ನಿಮ್ಮ ಆರ್‌ಸಿಸಿ ಚಾವಣಿ ಹಗಲೆಲ್ಲ ಕಾದು ರಾತ್ರಿ ಉಗುಳುತ್ತೆ. ಇನ್ನು ನಿಮ್ಮ ಮೇಸ್ತ್ರಿಗಳೋ, ಅಡ್ವಾನ್ಸ್ ತಗೊಂಡು ಬೇರೆ ಸೈಟಿಗೆ ಹೋದರೆ ಹಬ್ಬ ಮುಗಿದ ಮೇಲೇ ದರ್ಶನ. ನನ್ನ ತಮ್ಮನ ಇಟ್ಟಿಗೆ ಮನೆ ಮುಗಿಯೋಕೆ 14 ತಿಂಗಳು ಆಯ್ತು, ಗೊತ್ತಾ?

ಗಾರೆ ಮನೆತನ: ಕೆಲಸಕ್ಕೆ ತಕ್ಕ ಕೂಲಿ ಕೊಟ್ಟಿದ್ದರೆ ಯಾಕೆ ಹೋಗ್ತಿದ್ದ? ನಿಮ್ಮ ತಮ್ಮನಿಗೆ ಕೇಳಿ.

ಚಳ್ಳಕೆರೆ ಅಕ್ಕ: ಜಗಳ ಆಮೇಲೆ ಆಡ್ರಪ್ಪ. ಸಾಲದ ವಿಷಯ ಯಾರೂ ಹೇಳ್ತಿಲ್ಲ. ಬ್ಯಾಂಕಿನವರು ನನ್ನ ಪ್ಲ್ಯಾನ್ ನೋಡಿ, "ಬಿಚ್ಚಿಕೊಂಡು ಹೋದರೆ ನಾವು ಏನನ್ನು ಅಡ ಇಟ್ಕೊಳ್ಳೋದು ಮೇಡಂ?" ಅಂದರು. ಮೂರು ಸಲ ಅಲೆದೆ. ಕೊನೆಗೆ ಬಳೆ, ಸರ ಅಡ ಇಟ್ಟು ದುಡ್ಡು ತಂದೆ. ಸರ ಇನ್ನೂ ಅಲ್ಲೇ ಇದೆ. ಮನೆಯ ಬಗ್ಗೆ ತಕರಾರಿಲ್ಲ, ತಂಪಾಗಿದೆ. ಇಲಿ ಮಾತ್ರ ಪ್ಯಾನೆಲಿನ ಬುಡದ ಸಂದಿಯಲ್ಲಿ ಮರಿ ಹಾಕಿತ್ತು, ಸಿಮೆಂಟ್ ಮೆತ್ತಿಸಿದೆ.

ದುರ್ಗದ ಗಾಳಿ: ಅಕ್ಕ, ಮಳೆಗಾಲದಲ್ಲಿ ಸದ್ದು?

ಚಳ್ಳಕೆರೆ ಅಕ್ಕ: ನಮ್ಮೂರಲ್ಲಿ ಮಳೆ ಎಲ್ಲಿದೆಯಪ್ಪ, ಸದ್ದಿಗೆ!

ಹದಡಿ ಹುಡುಗ: ಹಾಗಾದರೆ ಎಂಟು ಲಕ್ಷದಲ್ಲಿ ಆಗುತ್ತಾ, ಇಲ್ವಾ?

ಶಾಮನೂರಿನವ: ಮೊದಲು ಒಂದು ಗುಂಡಿ ತೋಡಿಸಿ ನೋಡು ತಮ್ಮ. ಎಷ್ಟು ಅಡಿಗೆ ಗಟ್ಟಿ ನೆಲ ಸಿಗುತ್ತೋ ಅದರ ಮೇಲೆ ಲೆಕ್ಕ. ನನಗೆ ಐದೂವರೆ ಅಡಿಗೆ ಸಿಕ್ಕಿತು.

ಗಾರೆ ಮನೆತನ: ಆ ಗುಂಡಿ ತೋಡೋದಕ್ಕೂ ನಮ್ಮವರೇ ಬೇಕು.