ಅಪ್‌ಡೇಟ್: ಮಕ್ಕಳನ್ನು ಕರೆದುಕೊಂಡು ಬಂದುಬಿಟ್ಟೆ

ಹೋದ ಸಲ ಕೇಳಿದ್ದೆ: ಗಂಡ ಕುಡಿದು ಹೊಡೆಯುತ್ತಾರೆ, ಈಗ ಮಗನ ಮೇಲೂ ಕೈ ಮಾಡಿದ್ದಾರೆ, ಮನೆ ಅವರ ಹೆಸರಲ್ಲಿದೆ, ಎಲ್ಲಿಗೆ ಹೋಗಲಿ ಅಂತ. ಈಗ ಹಾಸನದಲ್ಲಿ ಅಕ್ಕನ ಮನೆಯಲ್ಲಿದ್ದೇವೆ. ಮೂವರೂ ಚೆನ್ನಾಗಿದ್ದೇವೆ.

ನಿಮ್ಮಲ್ಲೊಬ್ಬರು ಹೇಳಿದ ಹಾಗೆ ಮೊದಲೇ ಒಂದು ಚೀಲ ತುಂಬಿ ಪಕ್ಕದ ಮನೆ ಆಂಟಿ ಹತ್ತಿರ ಇಟ್ಟಿದ್ದೆ. ಆಧಾರ್, ರೇಷನ್ ಕಾರ್ಡ್, ಮಕ್ಕಳ ಜನನ ಪತ್ರ, ಪಾಸ್‌ಬುಕ್, ಒಂದಿಷ್ಟು ದುಡ್ಡು. ಬಸ್ಸು ಸಕಲೇಶಪುರ ದಾಟಿದ ಮೇಲೆ ತೆಗೆದು ನೋಡಿದರೆ ಮಗಳ ಚಪ್ಪಲಿಯಲ್ಲಿ ಒಂದು ಕಾಲಿನದೇ ಇಲ್ಲ! ಹೋಗಲಿ ಬಿಡಿ.

ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದೆ, ಹಿಂಸೆಗೆ ಒಳಗಾದ ಹೆಂಗಸರಿಗೆ ನೆರವು ಕೊಡುವ ಸಖಿ ಕೇಂದ್ರಕ್ಕೆ ಹೋಗಿ ಅಂದರು. ಪೆಟ್ಟು ಬಿದ್ದಿದ್ದನ್ನು ಡಾಕ್ಟರ್‌ಗೆ ತೋರಿಸಿ ಬರೆಸಿಕೊಂಡೆ. ಒಂದು ಸ್ಟೇಷನ್‌ನಲ್ಲಿ "ಗಂಡ ಹೆಂಡತಿ ಜಗಳ, ಹೊಂದಿಕೊಂಡು ಹೋಗಮ್ಮ" ಅಂದರು. ಸುಮ್ನೆ ಕೂರಲಿಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ಅಂತ ಇರುತ್ತಾರೆ. ನಮ್ಮ ಕಡೆ ಅದು ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅವರ ಹತ್ತಿರ ವರದಿ ಬರೆಸಿ ಕೋರ್ಟಿಗೆ ಅರ್ಜಿ ಹಾಕಿದೆ. ವಕೀಲರನ್ನು ಕಾನೂನು ಸೇವಾ ಪ್ರಾಧಿಕಾರದವರೇ ಕೊಟ್ಟರು, ಫೀಸಿಲ್ಲ.

ಮನೆ ಗಂಡನ ಹೆಸರಲ್ಲಿದ್ದರೂ ಅಲ್ಲಿರುವ ಹಕ್ಕು ನನಗಿದೆಯಂತೆ. ಸದ್ಯ ಅಲ್ಲಿಗೆ ಹೋಗುವ ಮನಸ್ಸಿಲ್ಲ. ಮಧ್ಯಂತರ ರಕ್ಷಣಾ ಆದೇಶ ಸಿಕ್ಕಿದೆ. ಅವರು ನಮ್ಮ ಹತ್ತಿರ, ಮಕ್ಕಳ ಶಾಲೆ ಹತ್ತಿರ ಬರುವ ಹಾಗಿಲ್ಲ. ಮೀರಿದರೆ 1 ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಆದೇಶದ ಜೆರಾಕ್ಸ್ ಒಂದನ್ನು ಹೆಡ್‌ಮಿಸ್‌ಗೆ ಕೊಟ್ಟು ಬಂದೆ. ಜೀವನಾಂಶದ್ದು ಇನ್ನೂ ಬಾಕಿ.

ಹೊರಗೆ ಬೈಕ್ ಸದ್ದಾದರೆ ಮಗ ಈಗಲೂ ಓಡಿಹೋಗಿ ಟಿವಿ ಆಫ್ ಮಾಡುತ್ತಾನೆ.