ಸ್ಪಿರಿಟೆಡ್ ಅವೇ ಆರು ವರ್ಷದ ಮಗೂಗೆ ತೋರಿಸ್ಬಹುದಾ? ನೋಡಿದವ್ರು ಹೇಳಿ (ಕತೆ ಪೂರ್ತಿ ಬರುತ್ತೆ, ನೋಡಿಲ್ದೇ ಇರೋರು ಓದ್ಬೇಡಿ)

ಪ್ರಶ್ನೆ:
ಮಗಳಿಗೆ ತೋರಿಸೋಕೆ ಮುಂಚೆ ಒಂದ್ಸಲ ನಾನೇ ನೋಡ್ಬಿಡೋಣ ಅಂತ ನಿನ್ನೆ ರಾತ್ರಿ ಮಿಯಾಜಾಕಿ ಅವರ ಜಪಾನೀಸ್ ಅನಿಮೇಷನ್ ಸಿನಿಮಾ ಸ್ಪಿರಿಟೆಡ್ ಅವೇ (2001) ನೋಡ್ದೆ. ಶುರುವಲ್ಲೇ ಆ ಅಪ್ಪ ಅಮ್ಮ ಯಾರೂ ಇಲ್ದಿರೋ ಅಂಗಡೀಲಿ ಕೂತು ಗಬಗಬ ಅಂತ ತಿಂತಾ ತಿಂತಾ ಹಂದಿಗಳಾಗ್ಬಿಡ್ತಾರಲ್ಲ, ನನಗೇ ಎದೆ ಧಸಕ್ ಅಂತು, ಇನ್ನು ಆರು ವರ್ಷದವಳ ಗತಿ ಏನು ಅಂತ ಯೋಚನೆ. ಆದ್ರೆ ತೋರಿಸ್ದೆ ಬಿಡೋಕೂ ಮನಸಿಲ್ಲ, ಯಾಕಂದ್ರೆ ಚಿಹಿರೊ ರಾಜಕುಮಾರಿ ಅಲ್ಲ, ಮಂತ್ರ ತಂತ್ರ ಏನೂ ಬರಲ್ಲ, ಕಾರಿನ ಹಿಂದಿನ ಸೀಟಲ್ಲಿ ಮುಖ ಊದಿಸ್ಕೊಂಡು ಬಿದ್ದಿರೋ ಹತ್ತು ವರ್ಷದ ಸಾಮಾನ್ಯ ಹುಡುಗಿ, ನನಗೆ ಅದೇ ಇಷ್ಟ ಆಗಿದ್ದು. ಇನ್ನೊಂದು ಡೌಟು. ಕೊನೇಲಿ ದೇವರುಗಳ ಸ್ನಾನದ ಮನೆ ನಡೆಸೋ ಮಾಟಗಾತಿ ಯುಬಾಬಾ ಹಂದಿಗಳನ್ನ ಸಾಲಾಗಿ ನಿಲ್ಸಿ ನಿನ್ನ ಅಪ್ಪ ಅಮ್ಮ ಯಾರು ಅಂತ ಕೇಳಿದಾಗ ಚಿಹಿರೊ ಇದ್ರಲ್ಲಿ ಯಾರೂ ಇಲ್ಲ ಅಂತಾಳೆ, ಅವಳಿಗೆ ಅದು ಹೇಗೆ ಗೊತ್ತಾಯ್ತು? ನಾನೇ ಎಲ್ಲೋ ಮಿಸ್ ಮಾಡ್ಕೊಂಡ್ನಾ?

ಉತ್ತರ 1:
ಮಿಸ್ ಏನೂ ಮಾಡ್ಕೊಂಡಿಲ್ಲ ಮೇಡಂ, ಸಿನಿಮಾದಲ್ಲೇ ಹೇಳಿಲ್ಲ. ನನ್ನ ದೊಡ್ಡ ತಕರಾರೇ ಅದು. ಮೊದಲ ಒಂದು ಗಂಟೆ ಎಷ್ಟು ಬಿಗಿಯಾಗಿದೆ ನೋಡಿ, ಕೆಲ್ಸ ಸಿಗ್ಬೇಕು, ತನ್ನ ಹೆಸರು ತಾನೇ ಮರೀಬಾರ್ದು, ಅಪ್ಪ ಅಮ್ಮನ್ನ ಬಿಡಿಸ್ಬೇಕು, ಎಲ್ಲಾ ಸ್ಪಷ್ಟ. ಆಮೇಲೆ ನೋ-ಫೇಸ್ ಅನ್ನೋ ಮುಖವಾಡದ ಭೂತದ ಗಲಾಟೆ, ಚಿಹಿರೊಗೆ ಸಹಾಯ ಮಾಡೋ ಹುಡುಗ ‘ಹಾಕು’ಗೆ ಗಾಯ, ಅವನು ಮಂತ್ರದ ಮುದ್ರೆ ಕದ್ದಿದ್ದು, ಯುಬಾಬಾಗೆ ಒಬ್ಳು ಅವಳಿ ಅಕ್ಕ, ಹೀಗೆ ಒಂದರ ಮೇಲೊಂದು ಬರ್ತಾ ಅಪ್ಪ ಅಮ್ಮನ ವಿಷ್ಯ ಎಷ್ಟೋ ಹೊತ್ತು ಕಾಣೋದೇ ಇಲ್ಲ. ಮಿಯಾಜಾಕಿ ಪೂರ್ತಿ ಸ್ಕ್ರಿಪ್ಟ್ ಬರ್ದಿಟ್ಕೊಂಡು ಶುರು ಮಾಡೋರಲ್ಲ, ಒಂದು ಕಡೆ ಅನಿಮೇಷನ್ ಕೆಲ್ಸ ನಡೀತಿರುವಾಗ್ಲೇ ಇನ್ನೊಂದು ಕಡೆ ಸ್ಟೋರಿಬೋರ್ಡ್ (ದೃಶ್ಯ ದೃಶ್ಯವಾಗಿ ಕತೆಯ ಚಿತ್ರ) ಬರೀತಾ ಹೋಗ್ತಾರೆ, ಕತೆ ಅಲ್ಲಲ್ಲಿ ದಾರಿ ಬಿಡೋದು ಅದಕ್ಕೇ ಅನ್ಸುತ್ತೆ ನನಗೆ. ಆ ಹಾಕು ನಿಜಕ್ಕೂ ಒಂದು ನದಿಯ ದೇವರು ಅನ್ನೋ ಅಷ್ಟು ದೊಡ್ಡ ವಿಷ್ಯಾನ ಆಕಾಶದಲ್ಲಿ ಹಾರ್ತಾ ಒಂದೆರಡು ನಿಮಿಷದಲ್ಲಿ ಹೇಳಿ ಮುಗಿಸ್ಬಿಡ್ತಾರೆ. ಬರ್ಲಿನ್‌ನಲ್ಲಿ ಗೋಲ್ಡನ್ ಬೇರ್ ಪ್ರಶಸ್ತಿ ಬಂದಿದೆ, 2003ರಲ್ಲಿ ಆಸ್ಕರ್ ಬಂದಿದೆ, ಆದ್ರೂ ಇದು ತಪ್ಪೇ.

ಉತ್ತರ 2:
ಮೇಲಿನವ್ರು ಹೇಳಿದ್ದು ಅರ್ಧ ಒಪ್ತೀನಿ, ದ್ವಿತೀಯಾರ್ಧ ಸಡಿಲ ಹೌದು. ಆದ್ರೆ ಹಂದಿ ಪರೀಕ್ಷೆ ವಿಷ್ಯ ಒಪ್ಪಲ್ಲ. ಮಧ್ಯದಲ್ಲಿ ಚಿಹಿರೊಗೆ ಒಂದು ಕನಸು ಬೀಳುತ್ತೆ, ಸ್ನಾನಕ್ಕೆ ಬಂದಿದ್ದ ನಾರೋ ನದಿ ದೇವರು ಕೊಟ್ಟ ಔಷಧಿ ಉಂಡೆ ಹಿಡ್ಕೊಂಡು ಹಂದಿ ಗೂಡಿಗೆ ಓಡ್ತಾಳೆ, ಎಲ್ಲಾ ಹಂದಿಗಳೂ ಮುಗಿಬೀಳ್ತವೆ, ಅಪ್ಪ ಅಮ್ಮ ಯಾರು ಅಂತ ಗುರುತೇ ಸಿಗಲ್ಲ. ಸಣ್ಣ ಸೀನು, ಮರ್ತೋಗುತ್ತೆ. ಅವತ್ತು ಅಷ್ಟು ಭಯಪಟ್ಟವಳು ಕೊನೇಲಿ ಸಮಾಧಾನವಾಗಿ ಒಂದೊಂದೇ ಹಂದಿ ನೋಡಿ ಇಲ್ಲ ಅಂತಾಳಲ್ಲ, ಉತ್ತರ ಗೊತ್ತಾಗಿದ್ದು ಹೇಗೆ ಅನ್ನೋದಕ್ಕಿಂತ ಭಯ ಹೋಗಿದೆ ಅನ್ನೋದು ಮುಖ್ಯ.

ಹೆಸರಿನ ವಿಷ್ಯದಲ್ಲಿ ಮಾತ್ರ ನಮ್ಮಂಥೋರಿಗೆ ನಷ್ಟ. ಜಪಾನೀಸ್‌ನಲ್ಲಿ ಅವಳ ಪೂರ್ತಿ ಹೆಸರು ನಾಲ್ಕು ಅಕ್ಷರ, ಯುಬಾಬಾ ಮೂರನ್ನ ಕಿತ್ಕೊಂಡು ಒಂದೇ ಒಂದು ಬಿಡ್ತಾಳೆ. ಚಿಹಿರೊದಲ್ಲಿ ‘ಚಿ’ ಅಂತ ಓದೋ ಅಕ್ಷರಾನ ಒಂಟಿಯಾಗಿ ಬರೆದ್ರೆ ‘ಸೆನ್’ ಅಂತ ಓದ್ಬಹುದು, ಅದಕ್ಕೇ ಯುಬಾಬಾ ಅವಳನ್ನ ಸೆನ್ ಅಂತ ಕರೆಯೋದು. ಸಬ್‌ಟೈಟಲ್‌ನಲ್ಲಿ ನೋಡೋರಿಗೆ ಏನೋ ಬೇರೆ ಹೆಸರಿಟ್ರು ಅನ್ಸುತ್ತೆ ಅಷ್ಟೇ, ಕಿತ್ಕೊಂಡಿದ್ದು ಗೊತ್ತೇ ಆಗಲ್ಲ.

ಉತ್ತರ 3:
ಅನಿಮೇಷನ್ ಬಗ್ಗೆ ಯಾರೂ ಹೇಳ್ಲೇ ಇಲ್ವಲ್ಲ! ಆ ಹೊರಗಿನ ಮೆಟ್ಲು ಸೀನ್ ನೋಡಿ, ಚಿಹಿರೊ ಕೂತ್ಕೊಂಡು ಒಂದೊಂದೇ ಮೆಟ್ಲು ಇಳೀತಾಳೆ, ಕಾಲು ಚಾಚಿ ಮುಟ್ಟಿ ನೋಡ್ತಾಳೆ, ಒಂದು ಹಲಗೆ ಮುರಿದಿದ್ದೇ ತಡ ದಡದಡ ಅಂತ ಓಟ. ಶೂ ಹಾಕ್ಕೊಂಡು ಬೆರಳ ತುದಿ ನೆಲಕ್ಕೆ ತಟ್ತಾಳೆ, ಕತೆಗೆ ಅದು ಬೇಕಾಗೇ ಇರ್ಲಿಲ್ಲ, ಆದ್ರೆ ಮಕ್ಕಳು ಹಂಗೇ ಮಾಡೋದು. ನಾರೋ ದೇವರ ಮೈಯಿಂದ ಸೈಕಲ್ ಹಿಡಿದು ಎಳೆದಾಗ ಕಸದ ರಾಶಿನೇ ಬರುತ್ತಲ್ಲ, ಮಿಯಾಜಾಕಿ ಅವರೇ ಒಂದ್ಸಲ ನದಿ ಕ್ಲೀನ್ ಮಾಡೋಕೆ ಹೋಗಿ ಸೈಕಲ್ ಎಳೆದಿದ್ರಂತೆ, ಅದೇ ಅನುಭವ ಇಲ್ಲಿ ಬಂದಿರೋದು. ಮತ್ತೆ ಆ ರೈಲು... ನೀರಿನ ಮೇಲೆ ಹೋಗ್ತಾನೇ ಇರುತ್ತೆ, ಹೆಚ್ಚು ಮಾತಿಲ್ಲ, ನೆರಳಿನಂಥ ಜನ ಒಬ್ಬೊಬ್ರೇ ಇಳ್ಕೋತಾರೆ, ಹಿಂದೆ ಸಂಗೀತ ನಿರ್ದೇಶಕ ಹಿಸಾಯಿಶಿ ಅವರ ಪಿಯಾನೊ. ಮಕ್ಕಳ ಸಿನಿಮಾದಲ್ಲಿ ಅಷ್ಟು ಹೊತ್ತು ಸುಮ್ನಿರೋಕೆ ಧೈರ್ಯ ಬೇಕು.

ಉತ್ತರ 4:
ಅಕ್ಕಾ, ನಿಮ್ಮ ಮೊದಲ್ನೇ ಪ್ರಶ್ನೆಗೆ ಬರ್ತೀನಿ. ನನ್ನ ಮಗ ಐದೂವರೆ ಇದ್ದಾಗ ತೋರಿಸ್ದೆ, ತಪ್ಪು ಮಾಡ್ದೆ. ನಾನು ಹೆದರಿದ್ದು ಹಂದಿ ಸೀನಿಗೆ, ಅವನು ಅದನ್ನ ಹೆಂಗೋ ತಡ್ಕೊಂಡ. ನೋ-ಫೇಸ್ ಬಾಯಿ ತೆರೆದು ಕೆಲಸದವ್ರನ್ನ ನುಂಗೋದು, ಆಮೇಲೆ ಕಪ್ಪಗೆ ಕಾರ್ಕೊಳ್ತಾ ಅಟ್ಟಿಸ್ಕೊಂಡು ಬರೋದು, ಹಾಕು ಮೈಯೆಲ್ಲಾ ರಕ್ತ, ಇಲ್ಲಿ ಎದ್ದು ಹೋಗ್ಬಿಟ್ಟ, ಎಷ್ಟೋ ದಿನ ರಾತ್ರಿ ಲೈಟ್ ಆರಿಸೋಕೆ ಬಿಡ್ಲಿಲ್ಲ. ಅವನಿಗೆ ಎಂಟು ವರ್ಷ ತುಂಬಿದ್ಮೇಲೆ ಅವನೇ ಕೇಳಿ ನೋಡ್ದ, ಆಗ ನೋ-ಫೇಸ್ ಪಾಪ ಒಬ್ನೇ ಅಲ್ವಾ ಅಮ್ಮ ಅಂದ. ಈಗ ಬೇಕಿದ್ರೆ ಮಿಯಾಜಾಕಿ ಅವರದ್ದೇ ಮೈ ನೇಬರ್ ಟೊಟೊರೊ (1988) ತೋರಿಸಿ, ಒಂದೂವರೆ ಗಂಟೆ ಒಳಗೆ ಮುಗಿಯುತ್ತೆ, ವಿಲನ್ನೇ ಇಲ್ಲ. ಅದ್ರಲ್ಲಿ ಅಮ್ಮ ಆಸ್ಪತ್ರೇಲಿ ಇರ್ತಾಳೆ, ಅದೊಂದು ಮೊದ್ಲೇ ಹೇಳಿಟ್ಟಿರಿ.

ಪ್ರಶ್ನೆ ಕೇಳಿದವರು:
ಆ ಕನಸಿನ ಸೀನ್ ಈಗ ತಿರುಗಿ ಹಾಕಿ ನೋಡ್ದೆ, ನಿಜ, ಪೂರ್ತಿ ಮರ್ತೇಹೋಗಿತ್ತು. ಮಗಳಿಗೆ ಈ ಭಾನುವಾರ ಟೊಟೊರೊ. ಸ್ಪಿರಿಟೆಡ್ ಅವೇನ ಎರಡು ವರ್ಷ ಎತ್ತಿಡ್ತೀನಿ. ರೈಲಿನ ಸೀನ್ ಮಾತ್ರ ನಾನೊಬ್ಳೇ ಇವತ್ತು ರಾತ್ರಿ ಇನ್ನೊಂದ್ಸಲ ನೋಡ್ತೀನಿ.